ಬರೆಯುವ ಕೈ ಬದಲಾದಾಗ

“ಹುಟ್ಟಿಸಿದವನು ಬಿಟ್ಟ ಮೇಲೆ ಕಥೆ ಮುಗೀತು ಮಾರಾಯ, ಉಳಿದವರು ಬರೆಯುವುದೆಲ್ಲ ಹಾಳು!” ನಿನ್ನೆ ಸಂಜೆ ಕದ್ರಿ ಪಾರ್ಕಿನಲ್ಲಿ ನಮ್ಮ ಕಾಮಿಕ್ಸ್ ಬಳಗದಲ್ಲಿ ಇದೇ ಗಲಾಟೆ. ಹಳೆಯ ಸೂಪರ್‌ಹೀರೋವನ್ನು ಹೊಸ ಲೇಖಕರ ಕೈಗೆ ಕೊಡಬೇಕಾ ಬೇಡವಾ ಅಂತ.

ಕೊಡಬೇಕು ಅಂತಲೇ ನನ್ನ ವಾದ. ಅಮೆರಿಕದ ಕಾಮಿಕ್ಸ್ ‘ಸ್ವಾಂಪ್ ಥಿಂಗ್’ ನೋಡಿ, ಜೌಗು ನೆಲದ ಗಿಡದ ದೈತ್ಯನ ಕಥೆ. 1971ರಲ್ಲಿ ಲೆನ್ ವೈನ್ ಮತ್ತು ಬರ್ನಿ ರೈಟ್ಸನ್ ಸೃಷ್ಟಿಸಿದ ಪಾತ್ರ. ಮುಂದೆ ಸಂಪಾದಕರಾಗಿದ್ದ ವೈನ್ ಅವರೇ ಇಂಗ್ಲೆಂಡಿನ ಅಲನ್ ಮೂರ್ ಅವರನ್ನು ಕರೆದು ಬರೆಯಲು ಕೊಟ್ಟರು. 1984ರಲ್ಲಿ, 21ನೇ ಸಂಚಿಕೆಯಲ್ಲಿ, ಮೂರ್ ಮಾಡಿದ್ದು ಎಂತ ಗೊತ್ತುಂಟಾ? ಅಲೆಕ್ ಹಾಲಂಡ್ ಎಂಬ ವಿಜ್ಞಾನಿಯೇ ಈ ಗಿಡದ ದೈತ್ಯನಾದ ಅಂತ ಅದುವರೆಗೆ ಎಲ್ಲರೂ ನಂಬಿದ್ದರು. ಮೂರ್ ಕಥೆಯಲ್ಲಿ ಆ ದೈತ್ಯನ ದೇಹ ಕೊಯ್ದು ನೋಡಿದರೆ ಒಳಗೆ ಶ್ವಾಸಕೋಶದ ಆಕಾರ ಉಂಟು, ಆದರೆ ಅದು ಉಸಿರಾಡುವುದಿಲ್ಲ. ಹಾಲಂಡ್ ಯಾವಾಗಲೋ ಸತ್ತಿದ್ದಾನೆ. ಇದು ತಾನೇ ಹಾಲಂಡ್ ಅಂದುಕೊಂಡ ಗಿಡ! ಹಳೆಯದನ್ನು ಅಳಿಸದೆ ಇಡೀ ಕಥೆಯನ್ನೇ ತಿರುಗಿಸಿಬಿಟ್ಟರು. ಆ ಪುಟ ಓದುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಮ್ಮೂರಿನವರಿಗೆ ಇದು ಹೊಸದೇನಲ್ಲ. ತಾಳಮದ್ದಳೆಯಲ್ಲಿ ಪದ್ಯ ಅದೇ, ಕರ್ಣ ಅದೇ. ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಅರ್ಥಧಾರಿ ಬದಲಾದರೆ ಕರ್ಣನ ಮನಸ್ಸೇ ಬೇರೆ.

ಹಳೆಯ ಸಂಚಿಕೆಗಳನ್ನು ಓದದೆ, ಬರೀ ಸುದ್ದಿಯಾಗಲಿಕ್ಕೆ ಪಾತ್ರವನ್ನು ತಲೆಕೆಳಗು ಮಾಡುವವರ ಮೇಲೆ ನನಗೂ ಸಿಟ್ಟುಂಟು. ಹಾಗಂತ ಒಂದು ಪುಟವೂ ಬರುವ ಮೊದಲೇ ಬೈಯುವುದು ಸರಿಯಲ್ಲ. ನಾಲ್ಕೈದು ಸಂಚಿಕೆ ಬರಲಿ. ಓದುವ, ಆಮೇಲೆ ಬೇಕಾದಷ್ಟು ಜಗಳಾಡುವ.