ಫಿಲಡೆಲ್ಫಿಯಾಕ್ಕೆ ಹೊರಡುವ ಮುನ್ನ ಆ 27 ದೂರುಗಳನ್ನು ಓದಿಕೊಳ್ಳಿ

ಊರಿಂದ ಬಂದಿದ್ದ ಅಪ್ಪನನ್ನು ಕರೆದುಕೊಂಡು, ಅಮೆರಿಕ ಬ್ರಿಟನ್ನಿನಿಂದ ಸ್ವಾತಂತ್ರ್ಯ ಘೋಷಿಸಿಕೊಂಡ ನಗರ ಫಿಲಡೆಲ್ಫಿಯಾಕ್ಕೆ ಹೋಗಿಬಂದೆ. ನ್ಯೂಜೆರ್ಸಿ ಕಡೆಯವರಿಗೆ ಒಂದು ದಿನ ಸಾಕು. ಲಿಬರ್ಟಿ ಬೆಲ್ ಎಂಬ ಹಳೆಯ ಗಂಟೆಯ ಎದುರು ಫೋಟೊ ತೆಗೆಸಿಕೊಂಡು ವಾಪಸಾಗುವವರೇ ಹೆಚ್ಚು, ನೀವು ಹಾಗೆ ಮಾಡಬೇಡಿ.

ಆ ಘೋಷಣೆ ಅಂಗೀಕಾರವಾದ ಇಂಡಿಪೆಂಡೆನ್ಸ್ ಹಾಲ್ ಒಳಗೆ ಹೋಗಲು ಸಮಯ ನಿಗದಿಯಾದ ಟಿಕೆಟ್ ಬೇಕು. ನಾವು ಹೋದಾಗ ಆನ್‌ಲೈನ್ ಬುಕಿಂಗ್‌ಗೆ ತಲೆಗೆ ಒಂದು ಡಾಲರ್ ಇತ್ತು. ಬೆಲ್ ನೋಡುವುದಕ್ಕೆ ಟಿಕೆಟ್ ಬೇಡ. ಎರಡೂ ಕಡೆ ಬ್ಯಾಗ್ ತಪಾಸಣೆ ಇರುವುದರಿಂದ ಅರ್ಧ ಗಂಟೆ ಮುಂಚೆಯೇ ಸಾಲಿನಲ್ಲಿರಿ. ನಾವು ಹತ್ತು ನಿಮಿಷ ಇದ್ದಾಗ ಹೋಗಿ, ಸಾಲು ಕರಗುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆವು.

ಮೊದಲು ಕಾರ್ಪೆಂಟರ್ಸ್ ಹಾಲ್ ನೋಡಿ. ಬಾಸ್ಟನ್‌ನಲ್ಲಿ ತೆರಿಗೆ ವಿರೋಧಿಗಳು ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾವನ್ನು ನೀರಿಗೆಸೆದ ಸಿಟ್ಟಿಗೆ ಬ್ರಿಟನ್ ಆ ಬಂದರನ್ನೇ ಮುಚ್ಚಿಸಿದಾಗ, ಅಮೆರಿಕದ 12 ಬ್ರಿಟಿಷ್ ವಸಾಹತುಗಳ ಪ್ರತಿನಿಧಿಗಳು 1774ರಲ್ಲಿ ಸೇರಿದ್ದು ಇಲ್ಲಿ. ಆಗಲೂ ಅವರು ಸ್ವಾತಂತ್ರ್ಯ ಕೇಳಲಿಲ್ಲ. ಬ್ರಿಟನ್ನಿನ ದೊರೆಗೆ ಮನವಿ ಬರೆದರು, ಬ್ರಿಟಿಷ್ ಸರಕು ತರಿಸುವುದಿಲ್ಲ ಎಂದು ಕಟ್ಟು ಮಾಡಿಕೊಂಡರು. "ನಮ್ಮಲ್ಲೂ ಮೊದಲು ಅರ್ಜಿ, ಆಮೇಲೆ ವಿದೇಶಿ ಬಟ್ಟೆ ಬಹಿಷ್ಕಾರ, ಅಲ್ವೇನಪ್ಪ" ಅಂದರು ಅಪ್ಪ.

ಸ್ವಾತಂತ್ರ್ಯ ಘೋಷಣೆಯ ಮುನ್ನುಡಿ ಎಲ್ಲರಿಗೂ ಗೊತ್ತು. ಅದರ ನಡುವೆ ದೊರೆಯ ಮೇಲೆ ಹೊರಿಸಿರುವ 27 ದೂರುಗಳನ್ನು ರೈಲಿನಲ್ಲೇ ಓದಿ ಮುಗಿಸಿ. ಒಪ್ಪಿಗೆಯಿಲ್ಲದ ತೆರಿಗೆ, ಜ್ಯೂರಿಯಿಲ್ಲದ ವಿಚಾರಣೆ, ಶಾಂತಿಕಾಲದಲ್ಲೂ ಊರಲ್ಲಿ ಸೈನ್ಯ, ದೊರೆ ಕೊಡುವ ಸಂಬಳದ ಹಂಗಿನಲ್ಲಿರುವ ನ್ಯಾಯಾಧೀಶರು. ಉಪ್ಪಿನ ತೆರಿಗೆಯ ಕಥೆ ಕೇಳಿ ಬೆಳೆದ ನಮಗೆ ಇವು ಪರಕೀಯ ಅನ್ನಿಸುವುದಿಲ್ಲ.

ಓದಿಕೊಂಡು ಹೋದರೆ ಇಂಡಿಪೆಂಡೆನ್ಸ್ ಹಾಲ್‌ನ ಆ ಸಭಾಕೋಣೆ ಬೇರೆಯಾಗಿಯೇ ಕಾಣುತ್ತದೆ. ಹಸಿರು ಬಟ್ಟೆ ಹೊದಿಸಿದ ಮೇಜುಗಳ ಈ ಕೋಣೆಯಲ್ಲೇ 1776ರ ಜುಲೈನಲ್ಲಿ ಘೋಷಣೆ ಅಂಗೀಕಾರವಾಯಿತು, 11 ವರ್ಷದ ನಂತರ 1787ರಲ್ಲಿ ಸಂವಿಧಾನವೂ ಸಿದ್ಧವಾಯಿತು. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ನಡುವಿನ ವರ್ಷಗಳಲ್ಲಿದ್ದ ರಾಜ್ಯಗಳ ಒಕ್ಕೂಟಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ, ಸೈನಿಕರ ಸಂಬಳಕ್ಕೂ ಪರದಾಟ. ತೆರಿಗೆಯ ಮೇಲೆ ಸಿಡಿದೆದ್ದವರೇ ತೆರಿಗೆ ಹಾಕಬಲ್ಲ ಸರ್ಕಾರ ಕಟ್ಟಬೇಕಾಯಿತು! ನನಗೆ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಮುಂದೆ ದೇಶದ ಮೊದಲ ಅಧ್ಯಕ್ಷರಾದ ಜಾರ್ಜ್ ವಾಷಿಂಗ್ಟನ್ ಕುಳಿತಿದ್ದ, ಬೆನ್ನಿನ ಮೇಲೆ ಅರ್ಧ ಸೂರ್ಯನ ಕೆತ್ತನೆಯಿರುವ ಕುರ್ಚಿ ಅಸಲಿಯದು, ಅದನ್ನು ಮರೆಯದೆ ನೋಡಿ. ಪಕ್ಕದ ಕಾಂಗ್ರೆಸ್ ಹಾಲ್‌ನಲ್ಲಿ ಈ ನಗರ ರಾಜಧಾನಿಯಾಗಿದ್ದ 1790ರಿಂದ 1800ರವರೆಗೆ ಹೊಸ ಸಂಸತ್ತು ನಡೆಯಿತು.

ಬೆಲ್ ಇರುವ ಕಟ್ಟಡದ ಬಾಗಿಲಲ್ಲೇ ಅಧ್ಯಕ್ಷರ ಮನೆಯಿದ್ದ ಜಾಗವಿದೆ. ವಾಷಿಂಗ್ಟನ್ ಅಲ್ಲಿ ಒಂಬತ್ತು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಅವರಲ್ಲಿ ಓನಾ ಜಡ್ಜ್ ಎಂಬ ತರುಣಿ 1796ರಲ್ಲಿ ಆ ಮನೆಯಿಂದ ತಪ್ಪಿಸಿಕೊಂಡಳು. ಮಕ್ಕಳನ್ನು ಕರೆದೊಯ್ದರೆ ಈ ಕಥೆಯನ್ನೂ ಹೇಳಿ. ನಾವು ಅಲ್ಲಿ ಬಹಳ ಹೊತ್ತು ನಿಂತಿದ್ದೆವು.

ಕೊನೆಗೆ ಡೆಲವೇರ್ ನದಿಯ ದಂಡೆಗೆ ನಡೆದು ಹೋಗಿ, ದೂರವೇನಿಲ್ಲ. 1782ರ ಏಪ್ರಿಲ್‌ನಲ್ಲಿ ಈ ನದಿ ಕಡಲು ಸೇರುವ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಹಡಗೊಂದು 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಗೆದ್ದ ಹಡಗಿನ ಹೆಸರು 'ಹೈದರ್ ಅಲಿ'. ಅದೇ ಹೊತ್ತಿಗೆ ನಮ್ಮ ಹೈದರಾಲಿ ಕಂಪನಿ ಸೈನ್ಯದ ಜೊತೆ ಕಾದಾಡುತ್ತಿದ್ದ. ಇದನ್ನು ಹೇಳಿದಾಗ ಅಪ್ಪ ಬೆಂಚಿನಿಂದ ಎದ್ದು, ನೀರಿನ ಕಡೆ ನೋಡುತ್ತಾ, "ಇನ್ನೊಂದ್ಸಲ ಹೇಳು" ಅಂದರು.