ನುಡಿಗಟ್ಟು ಯಾರ ಬಾಯಿಂದ ಬಂದದ್ದು?

ಇಂಗ್ಲಿಷ್ ನುಡಿಗಟ್ಟುಗಳನ್ನು ಕನ್ನಡಕ್ಕೆ ತರುವ ಅಭ್ಯಾಸವನ್ನು ನಮ್ಮಲ್ಲಿ ಹೆಚ್ಚಿನವರು ಶಾಲೆಯ ಪಟ್ಟಿಯಿಂದ ಆರಂಭಿಸುತ್ತೇವೆ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ: 'ಕಿಕ್ ದ ಬಕೆಟ್' ಎಂದರೆ ಸಾಯುವುದು, 'ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್' ಎಂದರೆ ಧೋ ಎಂದು ಮಳೆ ಸುರಿಯುವುದು. ಪರೀಕ್ಷೆಗೆ ಇಷ್ಟು ಸಾಕು. ಕಥೆಯನ್ನೋ ಕಾದಂಬರಿಯನ್ನೋ ಅನುವಾದಿಸಲು ಕುಳಿತವರನ್ನು ಮಾತ್ರ ಈ ಪಟ್ಟಿ ನಡುದಾರಿಯಲ್ಲಿ ಕೈಬಿಡುತ್ತದೆ, ಏಕೆಂದರೆ ಅಲ್ಲಿ ನುಡಿಗಟ್ಟು ಯಾರೋ ಒಬ್ಬರು ಇನ್ನೊಬ್ಬರಿಗೆ, ಒಂದು ಸಿಟ್ಟಿನಲ್ಲೋ ಸಲಿಗೆಯಲ್ಲೋ ಆಡಿದ ಮಾತಾಗಿ ಬರುತ್ತದೆ. ಆದ್ದರಿಂದ ಗಂಗಾವತಿಯ ನನ್ನ ಮನೆಯಲ್ಲಿ ಸಂಜೆ ಅಭ್ಯಾಸಕ್ಕೆ ಕುಳಿತಾಗ ನಾನು ನುಡಿಗಟ್ಟೊಂದನ್ನೇ ಬರೆದುಕೊಳ್ಳುವುದಿಲ್ಲ. ಅದು ಬರುವ ಇಡೀ ಪ್ಯಾರಾವನ್ನು ಬರೆದುಕೊಂಡು, ಹೇಳುತ್ತಿರುವವರು ಯಾರು, ಕೇಳುತ್ತಿರುವವರು ಯಾರು ಎಂಬುದನ್ನು ಅಂಚಿನಲ್ಲಿ ಗುರುತಿಸಿಕೊಳ್ಳುತ್ತೇನೆ.

ಸಾವಿಗೆ ಕನ್ನಡದಲ್ಲಿ ಮಾತುಗಳ ಕೊರತೆಯಿಲ್ಲ. ತೀರಿಕೊಂಡರು, ಶಿವನ ಪಾದ ಸೇರಿದರು, ಲಿಂಗೈಕ್ಯರಾದರು, ನೆಗೆದುಬಿದ್ದ, ಗೊಟಕ್ ಎಂದ. ಆಸ್ತಿಗಾಗಿ ಕಾದು ಕುಳಿತ ಅಳಿಯನೊಬ್ಬ ಜಿಪುಣ ಮಾವನ ಬಗ್ಗೆ 'ಕಿಕ್ ದ ಬಕೆಟ್' ಎಂದು ಹೇಳಿದ್ದರೆ, 'ಮುದುಕ ಕೊನೆಗೂ ಗೊಟಕ್ ಅಂದ' ಎಂಬುದೇ ಅದರ ಸರಿಯಾದ ಕನ್ನಡ, ಏಕೆಂದರೆ ಅಗೌರವವೇ ಆ ಮಾತಿನ ತಿರುಳು. 'ಸತ್ತುಹೋದ' ಎಂದು ಬರೆದರೆ ಸುದ್ದಿ ತಲುಪುತ್ತದೆಯೇ ಹೊರತು ಅಳಿಯ ಎಂಥವನೆಂದು ತಿಳಿಯುವುದಿಲ್ಲ.

ನನಗೆ ಹೆಚ್ಚು ಕೆಲಸ ಕೊಡುವುದು ಬಿಸಿ ಮತ್ತು ತಂಪಿನ ಮಾತುಗಳು. ಇಂಗ್ಲಿಷ್ ಕಥೆಗಳಲ್ಲಿ ಪ್ರೀತಿ ಬೆಚ್ಚಗಿರುತ್ತದೆ, ನಗು ಬೆಚ್ಚಗಿರುತ್ತದೆ, ಸ್ವಾಗತ ಬೆಚ್ಚಗಿರುತ್ತದೆ. ಅಕ್ಕರೆಯಿಲ್ಲದವರು ತಣ್ಣನೆಯ ಭುಜ ತೋರಿಸುತ್ತಾರೆ. ಚಳಿಯ ನಾಡಿನ ಜನ ಬೆಂಕಿಯ ಬಳಿಗೆ ಕರೆಯುವುದನ್ನೇ ಒಲವೆಂದು ತಿಳಿದರೆ ಅದು ಸಹಜ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕೊಪ್ಪಳ, ಬಳ್ಳಾರಿಯ ಬಿಸಿಲಿನಲ್ಲಿ ಬೆಳೆದ ಮಾತು ಬೇರೆ ದಿಕ್ಕಿಗೆ ಹರಿದಿದೆ. ಇಲ್ಲಿ ಉಂಡವರು 'ನಿನ್ನ ಹೊಟ್ಟಿ ತಣ್ಣಗಿರ್ಲಿ' ಎಂದು ಹರಸುತ್ತಾರೆ. ಮಗ ಊರಿಗೆ ಬಂದರೆ ತಾಯಿಯ ಎದೆ ತಂಪಾಗುತ್ತದೆ. ಉಪಕಾರ ಮಾಡಿದವರನ್ನು ತಂಪು ಹೊತ್ತಿನಲ್ಲಿ ನೆನೆಯುತ್ತೇವೆ. ಹೀಗಿರುವಾಗ 'ಅವಳು ಬೆಚ್ಚಗೆ ನಕ್ಕಳು' ಎಂಬ ವಾಕ್ಯವನ್ನು ಇಂಗ್ಲಿಷ್ ಬಾರದ ನನ್ನ ತಾಯಿಗೆ ಓದಿ ಹೇಳಿದರೆ, ಆ ನಗುವಿನಲ್ಲಿ ಏನೋ ಕುದಿಯುತ್ತಿರಬೇಕು ಎಂದೇ ಅವರಿಗೆ ಅನ್ನಿಸುತ್ತದೆ. 'ಅಕ್ಕರೆಯಿಂದ ನಕ್ಕಳು' ಎಂದರೆ ಮಾತು ಮುಗಿಯಿತು. ಆದರೆ ಅದೇ ಕಥೆಯಲ್ಲಿ ಹೊರಗೆ ಹಿಮ ಬೀಳುತ್ತಿದ್ದು, ನಡುಗುತ್ತಾ ಒಳಬಂದವನನ್ನು ನೋಡಿ ಆಕೆ ನಕ್ಕಿದ್ದರೆ, ಆ ಬೆಚ್ಚನೆಯನ್ನು ಕಳೆಯುವ ಹಕ್ಕು ಅನುವಾದಕನಿಗಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಆಗ ಚಳಿಯನ್ನು ಓದುಗರ ಮೈಗೆ ತಾಗುವಂತೆ ಮೊದಲು ಬರೆಯಬೇಕು. ಬೆಚ್ಚನೆ ತಾನಾಗಿಯೇ ಹಿತವಾಗುತ್ತದೆ.

ಮೈಯ ಚಲನೆಗಳ ವಿಷಯವೂ ಇಂಥದ್ದೇ. ಬೇಸರಕ್ಕೆ ಅಲ್ಲಿಯವರು ಕಣ್ಣುಗುಡ್ಡೆ ತಿರುಗಿಸುತ್ತಾರೆ. ಅದನ್ನು ಹಾಗೆಯೇ 'ಕಣ್ಣು ಮೇಲೆ ಮಾಡಿದಳು' ಎಂದು ಬರೆದರೆ ನಮ್ಮ ಕಡೆಯ ಓದುಗರಿಗೆ ಆಕೆ ಪ್ರಾಣ ಬಿಟ್ಟಂತೆ ಕೇಳಿಸುತ್ತದೆ. ಸಂದರ್ಭ ನೋಡಿ 'ಮೂಗು ಮುರಿದಳು' ಎಂದೋ 'ಮುಖ ತಿರುವಿದಳು' ಎಂದೋ ಬರೆಯುವುದು ಮೇಲು.

ಊರುಗಳನ್ನು ಹೊತ್ತ ನುಡಿಗಟ್ಟುಗಳು ಇನ್ನೂ ಸೂಕ್ಷ್ಮವಾದವು. 'ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ಒಯ್ಯುವುದು' ಎಂಬ ಮಾತಿಗೆ ನಮ್ಮಲ್ಲಿ 'ಗಂಗಾವತಿಗೆ ಅಕ್ಕಿ ಒಯ್ದಂಗ' ಎಂದು ಹೊಸದಾಗಿ ಕಟ್ಟಿಕೊಳ್ಳಬಹುದು. ತುಂಗಭದ್ರಾ ಕಾಲುವೆಯ ನೀರುಂಡ ಈ ಭತ್ತದ ಕಣಜಕ್ಕೆ ಅಕ್ಕಿ ತರುವುದು ಎಷ್ಟು ವ್ಯರ್ಥವೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಭ್ಯಾಸವಾಗಿ ಇಂಥದನ್ನು ಕಟ್ಟುವುದರಲ್ಲಿ ನನಗೆ ನಿಜವಾದ ಸಂತೋಷವಿದೆ. ಆದರೂ ಲಂಡನ್ನಿನ ವ್ಯಾಪಾರಿಯೊಬ್ಬ ಕಾದಂಬರಿಯ ನಡುವೆ ಗಂಗಾವತಿಯ ಹೆಸರೆತ್ತಿದರೆ ಅವನ ಲಂಡನ್ನೇ ಕುಸಿದುಬೀಳುತ್ತದೆ. 'ಕಲ್ಲಿದ್ದಲ ಗಣಿಗಳಿರುವ ನ್ಯೂಕ್ಯಾಸಲ್‌ಗೇ ಕಲ್ಲಿದ್ದಲು ಹೊತ್ತ ಹಾಗಾಯಿತು' ಎಂದು ಬರೆದರೆ, ಗಣಿಯ ಒಂದು ಸುಳಿವು ಮತ್ತು 'ಗೇ' ಎಂಬ ಒತ್ತು ಸೇರಿ, ಅಡಿಟಿಪ್ಪಣಿಯ ಹಂಗಿಲ್ಲದೆ ಅರ್ಥವನ್ನು ದಾಟಿಸುತ್ತವೆ.

ಇದರ ಜೊತೆಗೆ ಇನ್ನೊಂದು ಮಾತನ್ನು ಹೇಳಲೇಬೇಕು. ಕಾದಂಬರಿಯ ಕೂಲಿಯವನು ಲಂಡನ್ನಿನ ಬೀದಿಯ ಇಂಗ್ಲಿಷ್ ಆಡಿದಾಗ ಅವನಿಗೆ ನಮ್ಮ ರಾಯಚೂರು ಸೀಮೆಯ ಕನ್ನಡವನ್ನು, ಯಜಮಾನನಿಗೆ ಪುಸ್ತಕದ ಕನ್ನಡವನ್ನು ಹಂಚುವ ರೂಢಿಯನ್ನು ನಾನು ಒಪ್ಪಲಾರೆ. 1953ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು ಮತ್ತು ಕೊಪ್ಪಳ, ತೆಲುಗು ಮತ್ತು ದಖನಿ ಉರ್ದುವನ್ನು ಉಂಡು ಬೆಳೆಸಿಕೊಂಡ ಈ ಮಾತು ಇಲ್ಲಿನ ಶರಣರ ಮನೆಯಲ್ಲೂ ಸಾಹುಕಾರರ ಮನೆಯಲ್ಲೂ ಒಂದೇ. ಅದನ್ನು ಕೀಳು ಅಂತಸ್ತಿನ ಗುರುತಾಗಿ ಬಳಸಿದರೆ ಒಂದು ಸೀಮೆಯ ಜನಕ್ಕೆಲ್ಲ ಅನ್ಯಾಯವಾಗುತ್ತದೆ.

ಕೆಲವು ಕಡೆ ಲೇಖಕನೇ ನುಡಿಗಟ್ಟನ್ನು ಕೈಗೆತ್ತಿಕೊಂಡು ಪರೀಕ್ಷಿಸುತ್ತಾನೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಪ್ರಕಟಿಸಿದ 'ಎ ಕ್ರಿಸ್ಮಸ್ ಕ್ಯಾರಲ್' ಕಥೆಯ ಆರಂಭದಲ್ಲಿ, ನಾಯಕ ಸ್ಕ್ರೂಜನ ವ್ಯಾಪಾರದ ಪಾಲುದಾರ ಮಾರ್ಲೆ ಬಾಗಿಲ ಮೊಳೆಯಷ್ಟು ಸತ್ತಿದ್ದ ('ಡೆಡ್ ಆ್ಯಸ್ ಎ ಡೋರ್‌ನೇಲ್', ಅಂದರೆ ಪೂರ್ತಿ ಸತ್ತಿದ್ದ) ಎಂದು ನಿರೂಪಕ ಹೇಳಿ, ಬಾಗಿಲ ಮೊಳೆಯಲ್ಲಿ ಸತ್ತದ್ದೇನಿದೆ, ಶವಪೆಟ್ಟಿಗೆಯ ಮೊಳೆಯೇ ಹೆಚ್ಚು ಸತ್ತದ್ದಲ್ಲವೇ ಎಂದು ತಾನೇ ಯೋಚನೆಗೆ ಬೀಳುತ್ತಾನೆ. ಇಲ್ಲಿ 'ಸತ್ತು ಕೊರಡಾಗಿದ್ದ' ಎಂಬ ನಮ್ಮ ಮಾತು ಬಲವಾಗಿ ಸೆಳೆಯುತ್ತದೆ. ಬಸವಣ್ಣನವರ ವಚನದಲ್ಲಿ ಕೊರಡೂ ಕೊನರುತ್ತದೆ; ಸತ್ತ ಮಾರ್ಲೆಯೂ ಮುಂದೆ ಪ್ರೇತವಾಗಿ ಮರಳುತ್ತಾನೆ; ಹೊಂದಿಕೆ ಚೆನ್ನಾಗಿದೆ. ಆದರೆ ಕೊರಡನ್ನು ತಂದರೆ ಎರಡು ಮೊಳೆಗಳನ್ನು ಹೋಲಿಸಿ ನೋಡುವ ಆ ಸೊಗಸಾದ ತರ್ಕ ಪೂರ್ತಿ ನಾಶವಾಗುತ್ತದೆ, ಮತ್ತು ಕೂಡಲಸಂಗಮನ ಕೃಪೆ ಲಂಡನ್ನಿನ ಮಂಜಿನಲ್ಲಿ ಕಾರಣವಿಲ್ಲದೆ ಸುಳಿಯುತ್ತದೆ. ಬಾಗಿಲ ಮೊಳೆ ಕನ್ನಡದ ಕಿವಿಗೆ ವಿಚಿತ್ರವಾಗಿ ಕೇಳುವುದು ನಿಜ. ಆದರೆ ಓದುಗರು ಹುಬ್ಬೇರಿಸುವಷ್ಟರಲ್ಲಿ ನಿರೂಪಕನೇ ಅವರ ಪ್ರಶ್ನೆಯನ್ನು ಕೇಳಿರುತ್ತಾನೆ. ಆದ್ದರಿಂದ ನನ್ನ ಕರಡಿನಲ್ಲಿ ಮಾರ್ಲೆ ಬಾಗಿಲ ಮೊಳೆಯಷ್ಟೇ ಸತ್ತಿದ್ದಾನೆ.