ಶಾಲೆಗಳಿಗೆ ರ‍್ಯಾಂಕ್ ಕೊಡುವ ಮುಂಚೆ

ರಿಸಲ್ಟ್ ಬಂದರೆ ಸಾಕು, ಯಾವ ಶಾಲೆ ಫಸ್ಟ್, ಯಾವುದು ಲಾಸ್ಟ್ ಅನ್ನುವ ಪಟ್ಟಿ ಶುರು. ನನಗೆ ಈ ಪಟ್ಟಿಗಳ ಮೇಲೆ ನಿಜಕ್ಕೂ ಸಿಟ್ಟಿದೆ. ಸರಾಸರಿ ಅಂಕ ನೋಡಿದರೆ ಆ ಶಾಲೆಗೆ ಎಂಥ ಮನೆಗಳಿಂದ ಮಕ್ಕಳು ಬಂದರು ಅಂತ ಗೊತ್ತಾಗುತ್ತದೆ, ಶಾಲೆ ಎಷ್ಟು ಕಲಿಸಿತು ಅಂತ ಗೊತ್ತಾಗುವುದು ಕಡಿಮೆ. ಇದೇನು ಹೊಸ ವಿಷಯವಲ್ಲ. ಅಮೆರಿಕದಲ್ಲಿ ಸುಮಾರು 6 ಲಕ್ಷ ಮಕ್ಕಳನ್ನು ಪರೀಕ್ಷಿಸಿದ 1966ರ ಕೋಲ್ಮನ್ ವರದಿಯೇ ಅಂಕಗಳ ಏರುಪೇರಿಗೆ ಶಾಲೆಯ ಸೌಲಭ್ಯಕ್ಕಿಂತ ಮನೆಯ ಹಿನ್ನೆಲೆ ದೊಡ್ಡ ಕಾರಣ ಅಂತ ತೋರಿಸಿತ್ತು.

ಹಾಗಾದರೆ ಅಳೆಯುವುದು ಹೇಗೆ? ಮಗು ಸೇರಿದಾಗ ಎಲ್ಲಿತ್ತು, ಈಗ ಎಲ್ಲಿದೆ ಅಂತ ನೋಡಬೇಕು. ಅದೂ ಸುಮ್ನೆ ಕಳೆದು ನೋಡಿದರೆ ಸಾಲದು, ಯಾಕೆಂದರೆ 35 ಅಂಕದ ಮಗು 55ಕ್ಕೆ ಏರಬಹುದು, ಆದರೆ 90 ಅಂಕದ ಮಗುವಿಗೆ ಏರಲು ಅಷ್ಟು ಜಾಗವೇ ಇಲ್ಲ ಅಲ್ವಾ? ಅದಕ್ಕೇ 35ರಿಂದ ಶುರು ಮಾಡಿದ ಮಗುವನ್ನು ಬೇರೆ ಶಾಲೆಗಳಲ್ಲಿ 35ರಿಂದಲೇ ಶುರು ಮಾಡಿದ ಮಕ್ಕಳ ಜೊತೆ ಹೋಲಿಸುತ್ತಾರೆ. ಇದಕ್ಕೆ ವ್ಯಾಲ್ಯೂ ಆಡೆಡ್ ವಿಧಾನ ಅಂತಾರೆ.

ಇಷ್ಟಾದರೂ ರ‍್ಯಾಂಕ್ ಕೊಡುವುದು ಕಷ್ಟ. 20 ಮಕ್ಕಳ ಒಂದು ತರಗತಿ, ಸರಾಸರಿ 60 ಅಂದುಕೊಳ್ಳಿ. ಪರೀಕ್ಷೆ ದಿನ 60 ತೆಗೆಯುತ್ತಿದ್ದ ಇಬ್ಬರಿಗೆ ಜ್ವರ ಬಂದು ಸೊನ್ನೆ ಬಿತ್ತು. ಸರಾಸರಿ 54ಕ್ಕೆ ಇಳಿಯಿತು. ಅದೇ 400 ಮಕ್ಕಳ ಶಾಲೆಯಲ್ಲಿ ಇಬ್ಬರು ಮಲಗಿದರೆ 59.7, ಯಾರಿಗೂ ಗೊತ್ತೇ ಆಗುವುದಿಲ್ಲ. ಹಾಗೆಯೇ ಒಂದು ವರ್ಷ ಇಬ್ಬರು ತುಂಬಾ ಜಾಣ ಮಕ್ಕಳು ಬಂದರೆ ಚಿಕ್ಕ ಶಾಲೆಯ ಸರಾಸರಿ ಮೇಲಕ್ಕೂ ಹಾರುತ್ತದೆ. ಪಟ್ಟಿಯ ತುದಿಯಲ್ಲೂ ತಳದಲ್ಲೂ ಚಿಕ್ಕ ಶಾಲೆಗಳೇ ಜಾಸ್ತಿ ಕಾಣುವುದು ಇದಕ್ಕೇ. ಹಾಗೆ ತುದಿಗೆ ಹೋದ ಶಾಲೆ ಮುಂದಿನ ವರ್ಷ ಕೆಳಗೆ ಬಂದರೆ ಪಾಪ ಮೇಷ್ಟ್ರುಗಳನ್ನು ಬೈಯುತ್ತಾರೆ. ಸಂಖ್ಯಾಶಾಸ್ತ್ರಜ್ಞರು ಚಿಕ್ಕ ಶಾಲೆಯ ಅಂದಾಜನ್ನು ಒಟ್ಟಾರೆ ಸರಾಸರಿಯ ಕಡೆಗೆ ಸ್ವಲ್ಪ ಎಳೆದು ಇದನ್ನು ಸರಿದೂಗಿಸುತ್ತಾರೆ. ಮಕ್ಕಳು ಕಡಿಮೆ ಇದ್ದಷ್ಟೂ ಎಳೆತ ಜಾಸ್ತಿ.

1996ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಹಾರ್ವಿ ಗೋಲ್ಡ್‌ಸ್ಟೈನ್ ಮತ್ತು ಡೇವಿಡ್ ಸ್ಪೀಗಲ್‌ಹಾಲ್ಟರ್ ಇಂಗ್ಲೆಂಡಿನ ಶಾಲಾ ಪಟ್ಟಿಗಳ ಬಗ್ಗೆ ಇದನ್ನೇ ಹೇಳಿದರು. ಪ್ರತಿ ಶಾಲೆಯ ಅಂಕಕ್ಕೂ ಒಂದು ಹೆಚ್ಚುಕಡಿಮೆಯ ಮಿತಿ, ಅಂದರೆ ನಿಜವಾದ ಅಂಕ ಇಷ್ಟರಿಂದ ಇಷ್ಟರೊಳಗೆ ಇರಬಹುದು ಅನ್ನುವ ಅಂದಾಜು, ಹಾಕಿ ನೋಡಿದರೆ, ಮಧ್ಯದಲ್ಲಿರುವ ಬಹುಪಾಲು ಶಾಲೆಗಳನ್ನು ಒಂದರಿಂದ ಒಂದು ಬೇರೆ ಮಾಡಲು ಆಗುವುದಿಲ್ಲ. ಅಂಥ ಕಡೆ 14ನೇ ರ‍್ಯಾಂಕ್, 31ನೇ ರ‍್ಯಾಂಕ್ ಅನ್ನುವುದಕ್ಕೆ ಏನೂ ಅರ್ಥವಿಲ್ಲ.

ಅಂಕಿಅಂಶ ಬೇಡ ಅಂತ ನಾನು ಹೇಳುತ್ತಿಲ್ಲ, ಖಂಡಿತ ಬೇಕು. ಮೂರ‍್ನಾಲ್ಕು ವರ್ಷದ ಲೆಕ್ಕ ಒಟ್ಟಿಗೆ ಹಾಕಿ, ಆ ಮಿತಿಯನ್ನೂ ಪಕ್ಕದಲ್ಲೇ ಅಚ್ಚು ಹಾಕಿ. ಯಾವ ಶಾಲೆ ವರ್ಷ ವರ್ಷವೂ ತೀರಾ ಕೆಳಗೋ ಮೇಲೋ ಕಾಣುತ್ತದೋ, ಅಲ್ಲಿಗೆ ಹೋಗಿ ತರಗತಿಯಲ್ಲಿ ಕೂತು ಪಾಠ ಹೇಗೆ ನಡೆಯುತ್ತಿದೆ ಅಂತ ನೋಡಿ.